‘ಅವಳು ತಿರುಗಿದಾಗ’ ಎಂದು ಬರೆಯಬೇಡಿ: ರಂಗತಂತ್ರ ಓದಲು ಹೊರಟವರಿಗೆ

ಎರಡನೇ ವರ್ಷದ ನಾಟಕವೊಂದರ ಮೂರನೇ ಪ್ರದರ್ಶನದ ದಿನ ನನಗೆ ಜ್ವರ ಬಂತು. ಆ ನಾಟಕಕ್ಕೆ ನಾನೇ ಸ್ಟೇಜ್ ಮ್ಯಾನೇಜರ್, ಎಂದರೆ ಬೆಳಕು, ಧ್ವನಿ ಯಾವಾಗ ಬದಲಾಗಬೇಕೆಂದು ಹೆಡ್‌ಸೆಟ್‌ನಲ್ಲಿ ಹೇಳುವವಳು. ಏಳಲಾಗದೆ ಮಲಗಿದ್ದವಳು ನನ್ನ ಪ್ರಾಂಪ್ಟ್ ಬುಕ್ಕನ್ನು, ಎಂದರೆ ಆ ಸೂಚನೆಗಳನ್ನೆಲ್ಲ ಗುರುತು ಹಾಕಿದ ನಾಟಕದ ಪ್ರತಿಯನ್ನು, ಸಹಪಾಠಿಯೊಬ್ಬಳಿಗೆ ಕೊಟ್ಟು ಕಳಿಸಿದೆ. ಅದರಲ್ಲಿ ಒಟ್ಟು 63 ಕ್ಯೂ, ಎಂದರೆ ಅಂಥ ಬದಲಾವಣೆಯ ಸೂಚನೆಗಳು. 41ನೆಯದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಅವಳು ತಿರುಗಿದಾಗ’ ಎಂದು ಬರೆದಿದ್ದೆ. ನನ್ನ ಮಟ್ಟಿಗೆ ಅದರಲ್ಲಿ ಗೊಂದಲವೇ ಇರಲಿಲ್ಲ. ಆದರೆ ಆ ದೃಶ್ಯದಲ್ಲಿ ಇಬ್ಬರು ಹೆಂಗಸರಿದ್ದರು, ಇಬ್ಬರೂ ತಿರುಗುತ್ತಿದ್ದರು, ಒಬ್ಬಳಂತೂ ಎರಡು ಸಲ. ಪಾಪ, ನನ್ನ ಗೆಳತಿ ಮೊದಲು ಕಂಡ ತಿರುಗಾಟಕ್ಕೇ ‘ಗೋ’ ಅಂದಳು. ರಂಗ ಪೂರ್ತಿ ಕತ್ತಲಾಯಿತು. ಉಳಿದ ಹನ್ನೊಂದು ಸಾಲು ಮಾತನ್ನು ನಟಿಯರು ಕತ್ತಲಲ್ಲೇ ಆಡಿ ಮುಗಿಸಿದರು. ಪ್ರೇಕ್ಷಕರು ಅದನ್ನು ನಿರ್ದೇಶಕರ ಹೊಸ ಪ್ರಯೋಗ ಎಂದುಕೊಂಡು ಚಪ್ಪಾಳೆ ತಟ್ಟಿದರಂತೆ. ಆ ಚಪ್ಪಾಳೆಯನ್ನು ನೆನೆದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ರಂಗತಂತ್ರವನ್ನು ವಿಶ್ವವಿದ್ಯಾಲಯದಲ್ಲಿ ಓದಬೇಕು, ಏನು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನೇ. ಬೆಳಕಿರಲಿ, ಧ್ವನಿಯಿರಲಿ, ಸೆಟ್ಟಿರಲಿ, ನೀವು ಮಾಡಿದ್ದನ್ನು ನೀವಿಲ್ಲದ ದಿನ ಇನ್ನೊಬ್ಬರು ನಡೆಸುವಂತಿರಬೇಕು. ಓದಿನ ಮೂರು ನಾಲ್ಕು ವರ್ಷವನ್ನು ಈ ಒಂದು ಅಭ್ಯಾಸಕ್ಕೆ ಹೊಂದಿಸಿಕೊಂಡರೆ ಯಂತ್ರಗಳ ವಿದ್ಯೆ ಹಿಂದೆಯೇ ಬರುತ್ತದೆ. ನಾನು ಸೇರಿದ್ದು ಸೌಂಡ್ ಕಲಿಯಬೇಕೆಂದು, ಹೊರಬಂದದ್ದು ಸ್ಟೇಜ್ ಮ್ಯಾನೇಜರ್ ಆಗಿ. ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಮೊದಲು ಕೋರ್ಸ್ ಆರಿಸುವ ಮಾತು. ಸ್ಥೂಲವಾಗಿ ಎರಡು ಬಗೆ. ಲಂಡನ್ನಿನ ರಾಡಾ, ಗಿಲ್ಡ್‌ಹಾಲ್‌ನಂಥ ತರಬೇತಿ ಶಾಲೆಗಳಲ್ಲಿ ದಿನವೆಲ್ಲ ನಾಟಕದ ಕೆಲಸವೇ, ಪುಸ್ತಕದ ಓದು ಕಡಿಮೆ. ಸಾಮಾನ್ಯ ವಿಶ್ವವಿದ್ಯಾಲಯಗಳ ರಂಗಭೂಮಿ ವಿಭಾಗಗಳಲ್ಲಿ ಇತಿಹಾಸ, ಸಿದ್ಧಾಂತ, ಪ್ರಬಂಧ ಎಲ್ಲವೂ ಇರುತ್ತವೆ, ಅವುಗಳ ನಡುವೆ ನಾಟಕ. ಸ್ನಾತಕೋತ್ತರಕ್ಕೆ ಹೋಗುವವರಿಗೆ ಇನ್ನೂ ಕಿರಿದಾದ ದಾರಿಗಳಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ತಾಂತ್ರಿಕ ವಿನ್ಯಾಸ ಮತ್ತು ನಿರ್ಮಾಣಕ್ಕೆಂದೇ ಒಂದು ವಿಭಾಗವಿದೆ, 2021ರಲ್ಲಿ ದೊಡ್ಡ ದೇಣಿಗೆಯೊಂದು ಬಂದಮೇಲೆ ಅಲ್ಲಿನ ನಾಟಕ ಶಾಲೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ಯಾವುದು ಮೇಲು ಎಂದು ಕೇಳಿದರೆ ನಾನು ಉತ್ತರಿಸುವುದಿಲ್ಲ. ಪ್ರಬಂಧ ಬರೆಯುವುದೆಂದರೆ ಮೈ ಉರಿಯುವವರೂ ಇದ್ದಾರೆ, ಅದು ಹಿತವೆನಿಸುವವರೂ ಇದ್ದಾರೆ.

ಕೈಪಿಡಿಯಲ್ಲಿ ಹೊಳೆಯುವ ಫೋಟೊ ನೋಡಿ ಮರುಳಾಗಬೇಡಿ. ದೀಪಗಳನ್ನು ನಿಯಂತ್ರಿಸುವ ಹೊಸ ಲೈಟಿಂಗ್ ಕನ್ಸೋಲ್ ಇದೆ ಎನ್ನುವುದಕ್ಕಿಂತ ಅದನ್ನು ಮೊದಲ ವರ್ಷದವರಿಗೆ ಮುಟ್ಟಲು ಬಿಡುತ್ತಾರೆಯೇ ಎನ್ನುವುದು ಮುಖ್ಯ. ಭೇಟಿಗೆ ಹೋದಾಗ ಒಬ್ಬ ವಿದ್ಯಾರ್ಥಿ ಓದು ಮುಗಿಸುವಷ್ಟರಲ್ಲಿ ಎಷ್ಟು ನಾಟಕಗಳಲ್ಲಿ ಕೆಲಸ ಮಾಡಿರುತ್ತಾನೆ, ಅದರಲ್ಲಿ ಎಷ್ಟು ಸಲ ಹೊಣೆ ಪೂರ್ತಿ ಅವನದೇ ಆಗಿರುತ್ತದೆ ಎಂದು ಕೇಳಿ. ವರ್ಕ್‌ಶಾಪ್ ತರಗತಿ ಮುಗಿದ ಮೇಲೂ ತೆರೆದಿರುತ್ತದೆಯೇ? ಕಲಿಸುವವರು ಈಗಲೂ ಹೊರಗಿನ ನಾಟಕಗಳಿಗೆ ಕೆಲಸ ಮಾಡುತ್ತಾರೆಯೇ? ಇವನ್ನೆಲ್ಲ ಅಧ್ಯಾಪಕರ ಹತ್ತಿರ ಕೇಳಿದಷ್ಟೇ ಕಾಳಜಿಯಿಂದ, ಹಿತ್ತಲ ಬಾಗಿಲಲ್ಲಿ ಕೇಬಲ್ ಸುತ್ತುತ್ತಿರುವ ವಿದ್ಯಾರ್ಥಿಯ ಹತ್ತಿರವೂ ಕೇಳಿ. ಅವನು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂದರ್ಶನಕ್ಕೆ ಒಯ್ಯುವ ಪೋರ್ಟ್‌ಫೋಲಿಯೊದಲ್ಲಿ ಮುಗಿದ ನಾಟಕದ ಚೆಂದದ ಚಿತ್ರಗಳನ್ನೇ ತುಂಬಿಕೊಂಡು ಬರುತ್ತಾರೆ. ಈಚೆಗೆ ನಾನೂ ಕೆಲವು ಸಲ ಮೇಜಿನ ಆಚೆ ಕೂತು ನೋಡಿದ್ದೇನೆ. ಹತ್ತು ಚಿತ್ರಗಳಿಗಿಂತ ಒಂದು ಹರಿದ ಹಾಳೆ ಹೆಚ್ಚು ಮಾತಾಡುತ್ತದೆ: ಮೊದಲು ಬರೆದ ನೆಲನಕ್ಷೆ, ಅದರಲ್ಲಿ ತಪ್ಪಿದ ಅಳತೆ, ತಿದ್ದಿದ ಎರಡನೇ ನಕ್ಷೆ. ಒಬ್ಬ ಹುಡುಗ ರಂಗದ ಫೋಟೊ ಒಂದನ್ನೂ ತಂದಿರಲಿಲ್ಲ. ಮನೆಯ ಕಪಾಟನ್ನು ಅಳೆದು 1:25ರ ಪ್ರಮಾಣದಲ್ಲಿ ರಟ್ಟಿನಲ್ಲಿ ಮಾಡಿ ತಂದಿದ್ದ. ಬಾಗಿಲು ಅರ್ಧವಷ್ಟೇ ತೆರೆಯುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ, ‘ಮನೆಯಲ್ಲೂ ಅಷ್ಟೇ ತೆರೆಯೋದು, ಮಂಚ ಅಡ್ಡ ಬರುತ್ತೆ’ ಅಂದ. ಆ ಒಂದು ಮಾತಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಪ್ರಮಾಣದ ಮಾತು ಬಂದದ್ದಕ್ಕೆ ಹೇಳುತ್ತೇನೆ: 1:25ರಲ್ಲಿ ಒಂದು ಮೀಟರ್ ಎಂದರೆ ನಾಲ್ಕು ಸೆಂಟಿಮೀಟರ್. 170 ಸೆಂಟಿಮೀಟರ್ ಎತ್ತರದ ನಟಿ 6.8 ಸೆಂಟಿಮೀಟರಿನ ಗೊಂಬೆಯಾಗುತ್ತಾಳೆ. ಸೇರುವ ಮೊದಲೇ ಅಂಥ ಒಂದು ಗೊಂಬೆ ಕತ್ತರಿಸಿ ಇಟ್ಟುಕೊಳ್ಳಿ. ಗೊಂಬೆ ಇಲ್ಲದ ಮಾದರಿಯಲ್ಲಿ ಎಲ್ಲ ಮೆಟ್ಟಿಲೂ ಹತ್ತಬಹುದು ಎಂದೇ ಕಾಣುತ್ತದೆ.

ಮೊದಲ ವರ್ಷ ನಿಮ್ಮನ್ನು ಎಲ್ಲ ವಿಭಾಗಕ್ಕೂ ಸುತ್ತಿಸುತ್ತಾರೆ. ಬಡಗಿ ಕೆಲಸ, ಬಣ್ಣ, ವಸ್ತ್ರ, ರಂಗಪರಿಕರ, ಬೆಳಕು, ಧ್ವನಿ. ‘ನಾನು ಬೆಳಕಿಗೆ ಬಂದವನು, ಹೊಲಿಗೆ ಯಾಕೆ’ ಎಂದು ಗೊಣಗುವವರು ಪ್ರತಿ ವರ್ಷವೂ ಇರುತ್ತಾರೆ. ಹೊಲಿಗೆ ಕೋಣೆಯಲ್ಲಿ ಎರಡು ವಾರ ಕೂತವನಿಗೆ ಮಾತ್ರ ತನ್ನ ನೀಲಿ ಜೆಲ್ (ದೀಪದ ಮುಂದೆ ಹಾಕುವ ಬಣ್ಣದ ಹಾಳೆ) ಕಡುಗೆಂಪು ಸೀರೆಯನ್ನು ಕಪ್ಪು ಮಾಡಿಬಿಡುತ್ತದೆ ಎಂಬುದು ಗೊತ್ತಾಗುತ್ತದೆ. ಎಲ್ಲ ಕೋಣೆಗೂ ಹೋಗಿ. ಗೊಣಗಬೇಕಾದರೆ ವಾಪಸು ಬಂದಮೇಲೆ ಗೊಣಗಿ.

ಸಾಮಾನು ಹೆಚ್ಚೇನೂ ಬೇಡ. ಮುಂಗಾಲು ಗಟ್ಟಿಯಿರುವ ಬೂಟು, ಕಪ್ಪು ಬಟ್ಟೆ, ಸಣ್ಣ ಟಾರ್ಚ್, ಅಳತೆ ಟೇಪ್, ಪೆನ್ಸಿಲ್, ರಬ್ಬರ್. ತಿರುಗಿಸಿ ಬಿಗಿಮಾಡುವ ಸ್ಪ್ಯಾನರ್ ಒಂದು, ಅದಕ್ಕೊಂದು ದಾರ. ಆ ದಾರದ ಇನ್ನೊಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಏಣಿ ಹತ್ತಬೇಡಿ. ಆರು ಮೀಟರ್ ಎತ್ತರದಿಂದ ಬಿದ್ದ ಸ್ಪ್ಯಾನರ್ ಕೆಳಗೆ ನಿಂತವನು ಯಾರೆಂದು ನೋಡುವುದಿಲ್ಲ. ಪೆನ್ ಬೇಡ, ಪೆನ್ಸಿಲ್ಲೇ ಬೇಕು. ತಾಲೀಮಿನಲ್ಲಿ ನಿರ್ದೇಶಕರು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಈಗ ಪ್ರಾಂಪ್ಟ್ ಬುಕ್. ಇದರ ಬಗ್ಗೆ ನಿಧಾನವಾಗಿಯೇ ಹೇಳುತ್ತೇನೆ.

ನಾಟಕದ ಪಠ್ಯವನ್ನು ಹಾಳೆಯ ಒಂದೇ ಮಗ್ಗುಲಿಗೆ ಮುದ್ರಿಸಿ ರಿಂಗ್ ಫೈಲಿಗೆ ಹಾಕಿ. ತೆರೆದಾಗ ಒಂದು ಪುಟ ಮಾತು, ಎದುರು ಪುಟ ಖಾಲಿ. ಖಾಲಿ ಪುಟದಲ್ಲಿ ನಟರ ಚಲನೆ. ಪಠ್ಯದ ಅಂಚಿನಲ್ಲಿ ಕ್ಯೂಗಳು. ರಂಗದ ಎಡ ಬಲ ಎಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಎಡ ಬಲ, ಇದು ಮೊದಲ ವಾರವೇ ರಕ್ತಗತವಾಗಬೇಕು. ಬೆಳಕಿನ ಕ್ಯೂಗೆ ಎಲ್‌ಎಕ್ಸ್ ಎಂದು ಬರೆದು ಸಂಖ್ಯೆ ಹಾಕುವುದು ರೂಢಿ, ಧ್ವನಿಗೆ ಬೇರೆ ಗುರುತು, ಮೇಲಿಂದ ಇಳಿಯುವ ಪರದೆಗೆ ಬೇರೆ. ಪ್ರತಿಯೊಂದಕ್ಕೂ ಒಂದು ಬಣ್ಣ. 41 ಮತ್ತು 42ರ ನಡುವೆ ಹೊಸ ಕ್ಯೂ ಬಂದರೆ ಹಿಂದಿನದನ್ನೆಲ್ಲ ಅಳಿಸಿ ಬರೆಯುತ್ತ ಕೂರಬೇಡಿ, 41.5 ಎಂದು ಹಾಕಿ. ಲೈಟಿಂಗ್ ಕನ್ಸೋಲ್‌ಗಳೂ ಅದನ್ನು ಒಪ್ಪುತ್ತವೆ.

ಕ್ಯೂ ಬೀಳುವುದು ಮಾತಿನ ಮೇಲಾದರೆ ಆ ಪದದ ಯಾವ ಅಕ್ಷರ ಎನ್ನುವವರೆಗೂ ಗೆರೆ ಎಳೆಯಿರಿ. ಸಾಲಿನ ಪಕ್ಕದಲ್ಲಿ ಸುಮ್ಮನೆ ಸಂಖ್ಯೆ ಬರೆದರೆ ಸಾಲಿನ ಆದಿಯೋ ಅಂತ್ಯವೋ ತಿಳಿಯುವುದಿಲ್ಲ. ಚಲನೆಯ ಮೇಲಾದರೆ ಯಾರು, ಎಷ್ಟನೇ ಸಲ, ಯಾವ ಕಡೆಗೆ, ಏನನ್ನು ಮುಟ್ಟಿದಾಗ ಎಂದು ಬರೆಯಿರಿ. ನನ್ನ 41ನೇ ಕ್ಯೂ ಆಮೇಲೆ ಹೀಗಾಯಿತು: ‘ತಾಯಿ, ಎರಡನೇ ಸಲ, ಕಿಟಕಿ ಕಡೆಗೆ ತಿರುಗಿ, ಕೈ ಚಿಲಕದ ಮೇಲೆ ಬಿದ್ದಾಗ.’ ಉದ್ದವಾಯಿತು, ನಿಜ. ಆದರೆ ಇದನ್ನು ಓದಿ ತಪ್ಪು ಮಾಡಬೇಕಾದರೆ ಕಷ್ಟಪಡಬೇಕು.

ಕ್ಯೂಗೆ ಅರ್ಧ ಪುಟ ಮೊದಲೇ ‘ಸ್ಟ್ಯಾಂಡ್‌ಬೈ’ (ಸಿದ್ಧವಾಗಿರಿ) ಎಂದು ಬರೆದಿರಬೇಕು, ಗುಂಡಿ ಒತ್ತುವ ಆಪರೇಟರ್ ಉತ್ತರ ಕೊಡಲು ಉಸಿರು ಬೇಕಲ್ಲ. ಹೆಡ್‌ಸೆಟ್‌ನಲ್ಲಿ ಹೇಳುವ ಕ್ರಮ: ‘ಎಲ್‌ಎಕ್ಸ್ 41’, ಒಂದು ಚಿಕ್ಕ ತಡೆ, ಆಮೇಲೆ ‘ಗೋ’. ಬೆರಳು ಒತ್ತುವುದು ‘ಗೋ’ಗೆ, ಹಾಗಾಗಿ ಅದು ಕೊನೆಯಲ್ಲೇ ಬರಬೇಕು. ಪ್ರದರ್ಶನ ನಡೆಯುವಾಗ ಬೇರೆ ಯಾವ ಕಾರಣಕ್ಕೂ ಹೆಡ್‌ಸೆಟ್‌ನಲ್ಲಿ ಆ ಪದ ಆಡುವಂತಿಲ್ಲ. ಕನ್ನಡದಲ್ಲಿ ಮಾತಾಡಿಕೊಳ್ಳುವ ತಂಡಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. ಒಮ್ಮೆ ನಾನು ‘ಗೋಡೆ ಅಲ್ಲಾಡ್ತಿದೆ, ಯಾರಾದ್ರೂ ಹಿಡ್ಕೊಳ್ಳಿ’ ಎಂದು ಪಿಸುಗುಟ್ಟಿದೆ. ಮೊದಲ ಅಕ್ಷರಕ್ಕೇ ಗುಡುಗು ಮೊಳಗಿತು. ಅಂದಿನಿಂದ ನಮ್ಮ ತಂಡದಲ್ಲಿ ಗೋಡೆಗೆ ‘ಭಿತ್ತಿ’ ಎನ್ನುತ್ತೇವೆ. ಬಂದು ಕೂತ ಹೊಸಬರು ನಮಗೆ ಹಳಗನ್ನಡದ ಹುಚ್ಚು ಎಂದುಕೊಳ್ಳುತ್ತಾರೆ.

ಸಮಯದ ಲೆಕ್ಕವೂ ಒಂದೊಂದು ಕಡೆ ಒಂದೊಂದು ಥರ. ಬ್ರಿಟಿಷ್ ರಂಗಭೂಮಿಯಲ್ಲಿ ನಟರಿಗೆ ‘ಹಾಫ್’ (ಅರ್ಧ ಗಂಟೆ ಉಳಿದಿದೆ) ಎಂದು ಕೂಗುವುದು ತೆರೆ ಏಳುವುದಕ್ಕೆ 35 ನಿಮಿಷ ಮೊದಲು, ಅಮೆರಿಕದಲ್ಲಿ ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ. ಬ್ರಿಟಿಷರ ಲೆಕ್ಕದಲ್ಲಿ ನಟರು ರಂಗದ ಬಳಿ ಬಂದು ನಿಲ್ಲಬೇಕಾದದ್ದು ತೆರೆ ಏಳುವ ಐದು ನಿಮಿಷ ಮೊದಲು, ಎಲ್ಲ ಕರೆಗಳೂ ಆ ಗಳಿಗೆಯಿಂದ ಹಿಂದಕ್ಕೆ ಎಣಿಸಿದ್ದು. ಹೊಸ ತಂಡಕ್ಕೆ ಹೋದರೆ ಮೊದಲ ದಿನವೇ ಅವರ ಗಡಿಯಾರ ಯಾವುದೆಂದು ಕೇಳಿಕೊಳ್ಳಿ.

ಬೆಳಕಿಗೆ ಬರೋಣ. ‘ನನಗೆ ಗಣಿತ ಬರುವುದಿಲ್ಲ, ಅದಕ್ಕೇ ನಾಟಕಕ್ಕೆ ಬಂದೆ’ ಎನ್ನುವವರಿಗೆ ಇಲ್ಲಿ ಸ್ವಲ್ಪ ನಿರಾಸೆ ಕಾದಿದೆ. ಆದರೆ ಬೇಕಾಗುವುದು ಗುಣಾಕಾರ ಭಾಗಾಕಾರದಷ್ಟೇ. ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. 230 ವೋಲ್ಟಿನ, 16 ಆಂಪಿಯರಿನ ಲೈನಿನಲ್ಲಿ 3680 ವ್ಯಾಟ್. ಸಾವಿರ ವ್ಯಾಟಿನ ಹಳೇ ಹ್ಯಾಲೋಜನ್ ದೀಪ ಮೂರು ಹಾಕಬಹುದು, ನಾಲ್ಕನೆಯದಕ್ಕೆ ಲೈನಿನ ಮಿತಿ ಮೀರುತ್ತದೆ. ದೀಪದ ದೂರ ಎರಡರಷ್ಟಾದರೆ ನಟನ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇವೆರಡನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರು ಮೊದಲ ವರ್ಷ ದಾಟುತ್ತಾರೆ.

ಕನ್ಸೋಲ್‌ನಿಂದ ದೀಪಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್ 512 ಎಂಬ ಸಂಕೇತ ಪದ್ಧತಿ 1986ರಲ್ಲಿ ಬಂತು, ಇನ್ನೂ ಬಳಕೆಯಲ್ಲಿದೆ. ಒಂದು ಕೇಬಲಿನಲ್ಲಿ 512 ಚಾನೆಲ್, ಪ್ರತಿ ಚಾನೆಲ್ಲಿಗೂ 0ಯಿಂದ 255ರವರೆಗೆ ಬೆಲೆ. ತಲೆ ತಿರುಗಿಸುವ ದೀಪವೊಂದಕ್ಕೆ 16 ಚಾನೆಲ್ ಬೇಕಾದರೆ ಮೊದಲನೆಯದರ ವಿಳಾಸ 1, ಎರಡನೆಯದು 17, ಮೂರನೆಯದು 33. ನಾನು ಒಮ್ಮೆ ಎರಡನೆಯದಕ್ಕೆ 16 ಎಂದು ಹಾಕಿದ್ದೆ. ಮೊದಲ ದೀಪದ ಕೊನೆಯ ಚಾನೆಲ್ ಬದಲಿಸಿದರೆ ಎರಡನೆಯದು ಮೆಲ್ಲನೆ ಪ್ರೇಕ್ಷಕರ ಕಡೆಗೆ ಕತ್ತು ಹೊರಳಿಸುತ್ತಿತ್ತು, ಯಾರೋ ಕರೆದರೇನೋ ಎನ್ನುವಂತೆ. ಎರಡು ಗಂಟೆ ಕೇಬಲ್ ಬದಲಿಸಿದೆ, ದೀಪ ಬದಲಿಸಿದೆ, ದೇವರನ್ನೂ ನೆನೆದೆ. ಕೊನೆಗೆ ಸಿಕ್ಕಿದ್ದು ಒಂದಂಕಿಯ ತಪ್ಪು. ವಿಳಾಸಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿಟ್ಟಿದ್ದರೆ ಎರಡು ನಿಮಿಷದ ಕೆಲಸ.

ವಿನ್ಯಾಸದ ಪಾಠದಲ್ಲಿ ನಿಮಗೆ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಹೆಸರು ಎದುರಾಗುತ್ತದೆ. ಯೇಲ್‌ನಲ್ಲಿ ರಂಗದ ಬೆಳಕು ಕಲಿಸುತ್ತಿದ್ದ ಅವರು 1932ರಲ್ಲಿ ಪ್ರಕಟಿಸಿದ ವಿಧಾನ ಸರಳ: ರಂಗವನ್ನು ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ಎಡದಿಂದ ಒಂದು ಬಲದಿಂದ ಒಂದು, 45 ಡಿಗ್ರಿಯಲ್ಲಿ ದೀಪ, ಒಂದು ಬೆಚ್ಚನೆಯ ಬಣ್ಣ, ಒಂದು ತಣ್ಣನೆಯದು. ಎರಡನೇ ವರ್ಷದವರೆಲ್ಲ ಇದನ್ನು ಹಳೇ ಪಾಠವೆಂದು ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ ಆರೇ ದೀಪ ಕೊಟ್ಟು ಅರ್ಧ ದಿನದಲ್ಲಿ ನಾಟಕ ಬೆಳಗಿಸಿ ಎಂದಾಗ ಕೈ ತಾನಾಗಿ ಹೋಗುವುದು ಅಲ್ಲಿಗೇ.

ಧ್ವನಿಯದು ಎರಡೇ ಮಾತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಟನ ದನಿ 20 ಮೀಟರ್ ಹಿಂದಿನ ಸಾಲಿಗೆ ತಲುಪಲು ಸುಮಾರು 58 ಮಿಲಿಸೆಕೆಂಡ್ ಬೇಕು, ಅಲ್ಲಿ ಇಟ್ಟ ಸ್ಪೀಕರನ್ನೂ ಅಷ್ಟೇ ತಡಮಾಡಿ, ಅದಕ್ಕೆ ಇನ್ನೊಂದು ಹತ್ತು ಹದಿನೈದು ಸೇರಿಸಿದರೆ ಮಾತು ನಟನ ಬಾಯಿಂದಲೇ ಬಂದಂತೆ ಕೇಳುತ್ತದೆ. ಎರಡನೆಯದು, ನಿಮ್ಮ ಕಿವಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಕೂರಬಹುದು ಎಂದಿಟ್ಟುಕೊಂಡರೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ, 100 ಡೆಸಿಬೆಲ್‌ಗೆ ಬರುವಾಗ ಹದಿನೈದೇ ನಿಮಿಷ. ಇಯರ್‌ಪ್ಲಗ್ ಹಾಕಿಕೊಂಡರೆ ನಗುವ ಸೀನಿಯರ್‌ಗಳಿಗೆ ಉತ್ತರ ಕೊಡಲು ಹೋಗಬೇಡಿ. ಹೇಗೂ ಅವರಿಗೆ ಕೇಳಿಸುವುದಿಲ್ಲ.

ತಲೆಯ ಮೇಲೆ ಏನನ್ನಾದರೂ ತೂಗುಹಾಕುವ ಕೆಲಸ ಮಾತ್ರ ಅರ್ಹರು ಪಕ್ಕದಲ್ಲಿ ನಿಂತು ಕಲಿಸದೆ ಮಾಡಬೇಡಿ. ಲೆಕ್ಕ ನಮ್ಮ ಅಂದಾಜನ್ನು ಹೇಗೆ ಮೋಸಗೊಳಿಸುತ್ತದೆ ನೋಡಿ. 100 ಕಿಲೋ ಭಾರವನ್ನು ಎರಡು ತಂತಿಗಳಿಂದ ಹಿಡಿದರೆ ತಲಾ 50 ಎಂದುಕೊಳ್ಳುತ್ತೇವೆ. ಎರಡೂ ನೆಟ್ಟಗೆ ಕೆಳಗಿಳಿದಿದ್ದರೆ ಸರಿ. ಅವುಗಳ ನಡುವಿನ ಕೋನ 60 ಡಿಗ್ರಿಯಾದರೆ ತಲಾ ಸುಮಾರು 58. 120 ಡಿಗ್ರಿಯಾದರೆ ತಲಾ 100. 150 ಡಿಗ್ರಿಗೆ ಹಿಗ್ಗಿಸಿದರೆ ಒಂದೊಂದು ತಂತಿಯೂ 190 ಕಿಲೋಗಿಂತ ಹೆಚ್ಚು ಹೊರುತ್ತದೆ. ಎತ್ತರ ಸಾಲದೆಂದು ತಂತಿಯನ್ನು ಅಗಲಕ್ಕೆ ಎಳೆದು ಕಟ್ಟುವವರನ್ನು ಕಂಡರೆ ಕೆಳಗಿನಿಂದ ಸರಿದು ನಿಂತು, ಕೂಗಿ ಹೇಳಿ.

ಸುರಕ್ಷತೆಯ ತರಗತಿಯಲ್ಲಿ ಎಲ್ಲರೂ ತೂಕಡಿಸುತ್ತಾರೆ. ನಾನು ತೂಕಡಿಸದೆ ಕೂತದ್ದು ಒಂದೇ ದಿನ, ಷಿಕಾಗೋದ ಇರಾಕ್ವಾ ಥಿಯೇಟರಿನ ಪಾಠದಂದು. 1903ರ ಡಿಸೆಂಬರ್ 30, ಮಧ್ಯಾಹ್ನದ ಪ್ರದರ್ಶನ, ಸಭಾಂಗಣದ ತುಂಬ ಹೆಂಗಸರು ಮಕ್ಕಳು. ಆರ್ಕ್ ದೀಪವೊಂದರಿಂದ ಪರದೆಗೆ ಬೆಂಕಿ ತಗುಲಿತು. ಬೆಂಕಿ ತಡೆಯಬೇಕಾದ ಸುರಕ್ಷಾ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು. ಹೊರಬಾಗಿಲುಗಳು ಕೆಲವು ಪರದೆಯ ಹಿಂದೆ ಮರೆಯಾಗಿದ್ದವು, ಕೆಲವಕ್ಕೆ ಬೀಗ. 600ಕ್ಕೂ ಹೆಚ್ಚು ಜನ ಸತ್ತರು. ಥಿಯೇಟರ್ ತೆರೆದು ಒಂದೂವರೆ ತಿಂಗಳೂ ಆಗಿರಲಿಲ್ಲ, ಬೆಂಕಿಗೆ ಜಗ್ಗದ ಕಟ್ಟಡ ಎಂದೇ ಅದರ ಪ್ರಚಾರ. ಇದನ್ನು ಕೇಳಿದ ಮೇಲೆ ನಾನು ಯಾವ ರಂಗಮಂದಿರಕ್ಕೆ ಹೋದರೂ ಮೊದಲು ಮಾಡುವ ಕೆಲಸ ಬಾಗಿಲುಗಳನ್ನೆಲ್ಲ ಕೈಯಿಂದ ತಳ್ಳಿ ನೋಡುವುದು. ಫಲಕ ನೋಡಿ ಸುಮ್ಮನಾಗಬೇಡಿ, ತಳ್ಳಿ.

ಟೆಕ್ ವಾರ, ಎಂದರೆ ಪ್ರದರ್ಶನಕ್ಕೆ ಮುಂಚೆ ಬೆಳಕು, ಧ್ವನಿ, ಸೆಟ್ಟು ಎಲ್ಲವನ್ನೂ ರಂಗದ ಮೇಲೆ ಕೂಡಿಸುವ ವಾರ, ಬಂದಾಗ ನಿಮ್ಮ ಸ್ನೇಹಗಳು ಪರೀಕ್ಷೆಗೆ ಬೀಳುತ್ತವೆ. ಬೆಳಕಿನವರು ಕತ್ತಲೆ ಬೇಕೆನ್ನುತ್ತಾರೆ, ಬಣ್ಣದವರು ಬೆಳಕು ಬೇಕೆನ್ನುತ್ತಾರೆ, ಧ್ವನಿಯವರು ಎಲ್ಲರೂ ಬಾಯಿ ಮುಚ್ಚಬೇಕೆನ್ನುತ್ತಾರೆ, ಅದೇ ಹೊತ್ತಿಗೆ ಬಡಗಿ ಮೊಳೆ ಹೊಡೆಯುತ್ತಾನೆ. ಪ್ರತಿ ವಿಭಾಗಕ್ಕೂ ರಂಗ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ (ಭಿತ್ತಿಗೆ, ಕ್ಷಮಿಸಿ). ಅದರಲ್ಲಿ ನಿದ್ದೆಯ ಹೊತ್ತನ್ನೂ ಬರೆಯಿರಿ. ರಾತ್ರಿಯಿಡೀ ಎಚ್ಚರವಿದ್ದು ಕೆಲಸ ಮಾಡಿದೆ ಎಂದು ಹೇಳಿಕೊಳ್ಳುವುದು ನಮ್ಮ ಕ್ಷೇತ್ರದ ಹಳೇ ಜಂಬ. ನಿದ್ದೆಗೆಟ್ಟವನನ್ನು ಏಣಿಯ ಮೇಲೆ ಕಳಿಸುವ ತಂಡದಲ್ಲಿ ನಾನು ಈಗ ನಿಲ್ಲುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಿಂತಿದ್ದೆ, ಏನೂ ಆಗಲಿಲ್ಲ ಎಂಬುದು ನನ್ನ ಅದೃಷ್ಟ.

ಇನ್ನು ಸಾಫ್ಟ್‌ವೇರ್. ನಕ್ಷೆಗೆ ಆಟೊಕ್ಯಾಡ್ ಅಥವಾ ವೆಕ್ಟರ್‌ವರ್ಕ್ಸ್, ಧ್ವನಿ ಕ್ಯೂಗಳಿಗೆ ಕ್ಯೂಲ್ಯಾಬ್, ಇವು ಎಲ್ಲೆಡೆ ಎದುರಾಗುತ್ತವೆ. ಕಲಿಯಿರಿ. ಆದರೆ ಕೈಯಿಂದ ಅಳೆದು ನೆಲನಕ್ಷೆ ಬರೆಯಲು ಬಾರದವನ ಕಂಪ್ಯೂಟರ್ ನಕ್ಷೆಯಲ್ಲಿ ಮಂಚ ಯಾವಾಗಲೂ ಬಾಗಿಲಿಗೆ ಅಡ್ಡ ಬರುತ್ತದೆ.

ಸಾಧ್ಯವಾದರೆ ಓದುವ ವರ್ಷಗಳಲ್ಲಿ ಒಮ್ಮೆ ಪ್ರಾಗ್ ಕ್ವಾಡ್ರೆನಿಯಲ್ ಕಡೆ ಗಮನವಿಡಿ. 1967ರಲ್ಲಿ ಶುರುವಾದ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ರಂಗವಿನ್ಯಾಸ ಮೇಳದಲ್ಲಿ ವಿದ್ಯಾರ್ಥಿಗಳಿಗೆಂದೇ ಒಂದು ವಿಭಾಗವಿದೆ. ಹೋಗಲಾಗದಿದ್ದರೆ ಚಿತ್ರಗಳನ್ನಾದರೂ ನೋಡಿ, ಬೇರೆ ದೇಶದ ಹುಡುಗರು ರಟ್ಟಿನಲ್ಲಿ ಏನು ಮಾಡುತ್ತಾರೆಂದು ಗೊತ್ತಾಗುತ್ತದೆ.

ಕೊನೆಯ ವರ್ಷದ ನಾಟಕಕ್ಕೆ ಅಂಕ ಹಾಕುವವರು ಬರುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ತಾಲೀಮನ್ನು ಪೂರ್ತಿ ವಿಡಿಯೊ ಮಾಡಿ. ಆ ನಾಟಕವನ್ನು ಎಂದೂ ನೋಡದ ಜೂನಿಯರ್ ಒಬ್ಬಳನ್ನು ಕರೆದು, ನಿಮ್ಮ ಪ್ರಾಂಪ್ಟ್ ಬುಕ್ ಅವಳ ಮುಂದಿಟ್ಟು, ವಿಡಿಯೊ ನೋಡುತ್ತ ಕ್ಯೂಗಳನ್ನೆಲ್ಲ ಕರೆಯಲು ಹೇಳಿ. ನೀವು ಹಿಂದಿನ ಕುರ್ಚಿಯಲ್ಲಿ ಕೂತು ತುಟಿ ಬಿಚ್ಚಬೇಡಿ. ಅವಳು ಎಲ್ಲಿ ತಡವರಿಸುತ್ತಾಳೆ, ಎಲ್ಲಿ ತಿರುಗಿ ನಿಮ್ಮ ಮುಖ ನೋಡುತ್ತಾಳೆ, ಆ ಪುಟದ ಸಂಖ್ಯೆ ಬರೆದುಕೊಳ್ಳಿ. ನಾನು ಇದನ್ನು ಮಾಡಿದ್ದು ಅಂದು ಕತ್ತಲಲ್ಲಿ ಸಿಕ್ಕಿಬಿದ್ದ ಅದೇ ಸಹಪಾಠಿಯನ್ನು ಕೂರಿಸಿಕೊಂಡು. ಅವಳು ಬೇರೆ ನಾಟಕದಲ್ಲಿ ಮುಳುಗಿದ್ದರಿಂದ ನಮ್ಮ ತಾಲೀಮಿಗೆ ಒಂದು ದಿನವೂ ಬಂದಿರಲಿಲ್ಲ. 88 ಕ್ಯೂಗಳಲ್ಲಿ ನಾಲ್ಕು ಕಡೆ ತಿರುಗಿ ನೋಡಿದಳು. ಅವಳು ಹೋದಮೇಲೆ ರಬ್ಬರ್ ತೆಗೆದುಕೊಂಡು ಆ ನಾಲ್ಕನ್ನೂ ಅಳಿಸಿ ಬರೆದೆ.